ವಾರ್ಡಿನಲ್ಲಿ ಬಂದ ದ್ರಾಕ್ಷಿ ವಾಸನೆ

ಚಿಕ್ಕೋಡಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ವೈದ್ಯೆ. ಕಣ್ಣಿಗೆ ಕಾಣದ ಜೀವಿಗಳನ್ನು ಹುಡುಕುವುದೇ ನನ್ನ ಕಸುಬು. ಸೂಕ್ಷ್ಮದರ್ಶಕದಡಿಯೂ ಕಾಣದ್ದನ್ನು ಮಾತ್ರ ನಂಬುತ್ತಿರಲಿಲ್ಲ. ಯಾರಾದರೂ ಮುನ್ಸೂಚನೆ, ಶಕುನ ಎಂದರೆ ನಗುತ್ತಿದ್ದೆ. ಈಗ ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಕೊರೊನಾ ಬಂದುಹೋದ ಮೇಲೆ ನನ್ನ ಮೂಗು ಸತ್ತೇ ಹೋಗಿತ್ತು. ಒಲೆಯ ಮೇಲೆ ಹಾಲು ಸೀದರೂ ಗಂಡ ಬಂದು ಹೇಳಬೇಕಿತ್ತು. ಬೆಳಗಾವಿಯ ತಜ್ಞರು ಪರೀಕ್ಷಿಸಿ, ಇನ್ನು ವಾಸನೆ ಮರಳುವ ಆಸೆ ಬೇಡ ಎಂದಿದ್ದರು.

ಶ್ರಾವಣದ ಒಂದು ಮಧ್ಯಾಹ್ನ ಹೆಂಗಸರ ವಾರ್ಡಿಗೆ ಹೋಗಿದ್ದೆ. ಭೋಜ ಗ್ರಾಮದ ಹುಸೇನಬಿ ಮುರಿದ ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದರು. ಅವರ ಮಂಚದ ಬಳಿ ಬಂದದ್ದೇ ತಡ, ಕಳಿತ ದ್ರಾಕ್ಷಿಯ ವಾಸನೆ ಗಮ್ಮೆಂದು ಬಡಿಯಿತು. ಮೂಗು ಮರಳಿತೆಂದು ನನಗೆ ಕಣ್ಣು ತುಂಬಿಬಂತು. ದ್ರಾಕ್ಷಿ ತಿನ್ನಾಕತ್ತೀರೇನ್ರಿ ಎಂದು ಕೇಳಿದೆ.

"ಇಲ್ರಿ ಬಾಯಾರ. ಸಕ್ಕರಿ ಬ್ಯಾನಿದಾಕಿ ನಾ, ನನಗ ದ್ರಾಕ್ಷಿ ಯಾರ ತರ್ತಾರ್ರಿ?"

ಅವರ ಸೊಸೆಗಾಗಲಿ ನರ್ಸಿಗಾಗಲಿ ಯಾವ ವಾಸನೆಯೂ ಬರುತ್ತಿರಲಿಲ್ಲ. ಆಗ ನನಗೆ ಹೊಳೆಯಿತು. ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಲ್ಯಾಬಿನ ತಟ್ಟೆಯಲ್ಲಿ ಬೆಳೆದಾಗ ಬರುವುದು ಇದೇ ವಾಸನೆ. ಆಸ್ಪತ್ರೆಯ ನಲ್ಲಿ, ಮೋರಿಗಳ ಪಸೆಯಲ್ಲಿದ್ದು ಗಾಯಕ್ಕೆ ದಾಟಿಕೊಳ್ಳುತ್ತದೆ. ಸುತ್ತ ಲೋಳೆ ಕಟ್ಟಿಕೊಂಡು ಕೂತಿತೆಂದರೆ ಔಷಧಕ್ಕೂ ಒಳಗೆ ದಾರಿ ಸಿಗದು. ಅದರ ವಿಷಕ್ಕೆ ಮಾಂಸವೇ ಕರಗುತ್ತದೆ.

ಗಾಯವನ್ನು ಪರೀಕ್ಷಿಸೋಣ ಎಂದರೆ ಸರ್ಜನ್ನರು ಒಪ್ಪಲಿಲ್ಲ. "ಗಾಯ ಒಣಗೇತಿ, ಜ್ವರಿಲ್ಲ. ಯಾಕ್ರಿ ಮೇಡಂ ಸುಮ್ನ?" ಎಂದರು. ವಾಸನೆ ಬಂತೆಂದು ಹೇಳಲು ಬಾಯಿ ಬರಲಿಲ್ಲ. ಹಟ ಮಾಡಿ ಗಾಯದ ಅಂಚನ್ನು ಒರೆಸಿ ಮಾದರಿ ತೆಗೆದುಕೊಂಡು ಬಂದೆ. ಆ ರಾತ್ರಿ ಮನೆಯಲ್ಲಿ ಕೂರಲಾಗಲಿಲ್ಲ, ಮಲಗಲಾಗಲಿಲ್ಲ.

ತಟ್ಟೆ ಹಸಿರುಗಟ್ಟಿತು. ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡಲು ಔಷಧದ ಬಿಲ್ಲೆ ಇಟ್ಟಲ್ಲೆಲ್ಲ ಬ್ಯಾಕ್ಟೀರಿಯಾ ಅದನ್ನು ಲೆಕ್ಕಿಸದೆ ಬೆಳೆದಿತ್ತು. ಕೊನೆಗೆ ಉಳಿದದ್ದು ಕಿಡ್ನಿಗೆ ಭಾರವಾದ ಒಂದು ಹಳೆಯ ಔಷಧ ಮಾತ್ರ. ಕೋಣೆ ತುಂಬ ದ್ರಾಕ್ಷಿ ವಾಸನೆ ಎಂದು ಲ್ಯಾಬಿನ ಹುಡುಗಿ ಮುಖ ಕಿವುಚಿದಳು. ನನಗೆ ಏನೂ ಬರಲಿಲ್ಲ.

ಅಷ್ಟರಲ್ಲಿ ಹುಸೇನಬಿಗೆ ಜ್ವರ ಏರಿತ್ತು. ಔಷಧ ತಕ್ಷಣ ಶುರುವಾದ್ದರಿಂದ ಕಾಲು ಉಳಿಯಿತು, ಜೀವವೂ ಉಳಿಯಿತು. ವಾರ್ಡಿನ ಎಲ್ಲರನ್ನೂ ಪರೀಕ್ಷಿಸಿದೆವು. ಪಕ್ಕದ ಮಂಚದ ಶಾಂತವ್ವನ ರಕ್ತದಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆ ಮಧ್ಯಾಹ್ನ ಅವಳ ತಲೆದೆಸೆಯಲ್ಲೂ ನಿಂತು ಮಾತಾಡಿಸಿದ್ದೆ. ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಅವಳು ಉಳಿಯಲಿಲ್ಲ.

ಹೆಣದೊಂದಿಗೆ ತಮ್ಮೂರು ಐಗಳಿಗೆ ಹೊರಡುವ ಮುಂಚೆ ಅವಳ ಗಂಡ ಲ್ಯಾಬಿನ ಬಾಗಿಲಿಗೆ ಬಂದ. ಹುಸೇನಬಿಯ ಸೊಸೆ ಅವನಿಗೆ ಎಲ್ಲ ಹೇಳಿದ್ದಳು.

"ನಮ್ಮಾಕಿ ಹಂತ್ಯಾಕೂ ನಿಂತಿದ್ರೆಲ್ರಿ ಬಾಯಾರ. ಏನೂ ಗೊತ್ತಾಗ್ಲಿಲ್ಲೇನ್ರಿ?"

ಇಲ್ಲ ಎಂದೆ. ಅದು ನಿಜವಾಗಿತ್ತು. ಅವನು ತಲೆಯಾಡಿಸಿ ಹೋದ.

ಕೆಟ್ಟ ನರಗಳು ಇಲ್ಲದ ವಾಸನೆಯನ್ನು ಹುಟ್ಟಿಸುವುದುಂಟು ಎಂದು ತಜ್ಞರು ಹೇಳುತ್ತಾರೆ. ಇರಬಹುದು. ಆದರೆ ಅದೇ ವಾಸನೆ ಏಕೆ, ಅದೊಂದೇ ಮಂಚದ ಬಳಿ ಏಕೆ? ಈಗಲೂ ವಾರ್ಡಿಗೆ ಹೋದರೆ ಒಂದೊಂದು ಮಂಚದ ಬಳಿಯೂ ನಿಂತು ಉಸಿರೆಳೆದು ನೋಡುತ್ತೇನೆ. ಏನೂ ಬರುವುದಿಲ್ಲ. ಬರದಿದ್ದರೆ ಸಮಾಧಾನವಾಗಬೇಕು. ಆಗುವುದಿಲ್ಲ.