ಮೆಷಿನ್ ಬಡಿಯದ ಮಂಗಳಾರತಿ

ಹಿತಕಿದ ಬೇಳೆ ಸಾರಿಗೆಂದು ನೆನೆದ ಅವರೆಕಾಳು ಹಿತಕುತ್ತಾ ಕೂತಿದ್ದೆ. ಫೋನ್ ಬಂತು. ಹೇರೋಹಳ್ಳಿಯ ನಮ್ಮ ಬೀದಿಯ ಗಣಪತಿ ಗುಡಿ ಅರ್ಚಕರ ಹೆಂಡತಿ.

“ಸಂಜೆ ಮಗಳನ್ನ ಕರ್ಕೊಂಡ್ ಬನ್ರೀ. ಇವ್ರು ಇವತ್ತು ಆ ಮೆಷಿನ್ ಹಾಕಲ್ವಂತೆ. ಕೈಗಂಟೆ ಸಾಕು ಅಂದ್ರು.”

ಮೆಷಿನ್ ಎಂದರೆ ಕರೆಂಟಿನಲ್ಲಿ ತಾನೇ ನಗಾರಿ, ಜಾಗಟೆ ಬಡಿಯುವ ಪೆಟ್ಟಿಗೆ. ಒಂಬತ್ತು ವರ್ಷದ ನನ್ನ ಮಗಳಿಗೆ ಆಟಿಸಂ ಇದೆ, ಒಂದು ಕಡೆ ಕೂರಲು ಬಿಡದ ಎಡಿಎಚ್‌ಡಿ ಇದೆ, ಮೇಲೆ ವಿಪರೀತ ಆತಂಕ. ಗಣಪನ ಮಂಗಳಾರತಿ ನೋಡಬೇಕೆಂದು ಅವಳೇ ಹಟ ಹಿಡಿದು ಹೊರಡುತ್ತಿದ್ದಳು. ಚಪ್ಪಲಿ ಬಿಡುವಷ್ಟರಲ್ಲಿ ಆ ಸದ್ದು ಶುರುವಾಗಿ, ಕಿವಿ ಮುಚ್ಚಿಕೊಂಡು ಅಳುತ್ತಾ ಓಡುತ್ತಿದ್ದಳು. ಒಂದು ದಿನವೂ ನೋಡಿರಲಿಲ್ಲ. ಹಿಂದಿನ ಸಂಜೆ ಆ ಅಳುವನ್ನು ಅರ್ಚಕರ ಹೆಂಡತಿ ಕಂಡಿದ್ದರು.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ. “ಅದು ಬಡಿಯತ್ತಾ?”

“ಇಲ್ಲ ಕಣೇ.”

“ಬಡಿದ್ರೆ?”

ನನ್ನ ಮಾತು ಅವಳಿಗೆ ಸಾಲಲಿಲ್ಲ. ಗುಡಿ ತಲುಪಿದಾಗ ಅರ್ಚಕರು ಅವಳನ್ನು ಗೋಡೆಯ ಹತ್ತಿರ ಕರೆದು, ಕಿತ್ತಿಟ್ಟ ಪ್ಲಗ್ ತೋರಿಸಿದರು. “ನೀನೇ ನೋಡಮ್ಮ. ನಂಬಿಕೆ ಇಲ್ದಿದ್ರೆ ಮುಟ್ಟಿ ನೋಡು.”

ಮುಟ್ಟಿ ನೋಡಿದಳು. ಸ್ವಿಚ್ಚನ್ನೂ ನೋಡಿದಳು. ಆಮೇಲೆ ಅಲಂಕಾರ ಮುಗಿಯುವವರೆಗೆ ಗರ್ಭಗುಡಿಯ ಸುತ್ತ ಓಡಿದ್ದೇ ಓಡಿದ್ದು. ಶಾಲೆಯಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ “ಸುಮ್ನೆ ಕೂತ್ಕೋ” ಎನ್ನಿಸಿಕೊಂಡ ಮಗು. ಇಲ್ಲಿ ಪ್ರದಕ್ಷಿಣೆ ಹಾಕುವವಳನ್ನು ತಡೆಯುವವರು ಯಾರು?

“ಏನ್ ಭಕ್ತಿ ನೋಡಿ,” ಎಂದರು ಕಂಬಕ್ಕೊರಗಿದ್ದ ಅಜ್ಜಿಯೊಬ್ಬರು. “ನಮ್ಮನೇಲೂ ಒಬ್ಬ ಇದಾನೆ, ಊಟಕ್ಕೆ ಕರೆದ್ರೂ ಸೋಫಾ ಬಿಟ್ಟು ಏಳಲ್ಲ.”

ಪಕ್ಕದಲ್ಲಿದ್ದ ಯಜಮಾನರೊಬ್ಬರಿಗೆ ಮಾತ್ರ ಆರತಿಯ ಹೊತ್ತಾದರೂ ಮೆಷಿನ್ ಸದ್ದಿಲ್ಲವೆಂದು ಅಸಮಾಧಾನ. “ಏನ್ ಸ್ವಾಮಿ, ಕರೆಂಟ್ ಹೋಯ್ತಾ?”

“ಕರೆಂಟ್ ಇದೆ ಸಾರ್. ಗಣಪನ ಕಿವಿ ನೋಡಿ ಎಷ್ಟು ಅಗಲ, ಮೆಲ್ಲಗೆ ಬಾರಿಸಿದ್ರೂ ಕೇಳ್ಸತ್ತೆ.”

ಯಜಮಾನರೂ ನಕ್ಕುಬಿಟ್ಟರು.

ಕೈಗಂಟೆ ಕಿಣಿಕಿಣಿ ಎಂದಿತು. ಮಗಳ ಎರಡೂ ಕೈ ಕಿವಿಗೆ ಹೋದವು. ಅವಳು ಕಾಲು ಕುಣಿಸುತ್ತಾ ನಿಂತಳು, ಓಡಲಿಲ್ಲ. ಒಂದು ಕೈ ಇಳಿಯಿತು, ಮತ್ತೊಂದೂ ಇಳಿಯಿತು.

“ಇಷ್ಟೇನಾ?” ಎಂದು ನನ್ನನ್ನು ಕೇಳಿದಳು.

ಆರತಿ ತಟ್ಟೆ ಹತ್ತಿರ ಬಂದಾಗ ಅವಳು ಹಿಂದೆ ಸರಿದಳು. ಅರ್ಚಕರು ಒತ್ತಾಯಿಸದೆ ದೂರದಲ್ಲೇ ಹಿಡಿದರು. ಅವಳು ಅಲ್ಲಿಂದಲೇ ಕಣ್ಣಿಗೊತ್ತಿಕೊಂಡು, “ಇನ್ನೊಂದ್ಸಲ ಮಾಡಿ” ಎಂದಳು.

“ನಾಳೆ ಬಾಮ್ಮ.”

“ನಾಳೆ ಪ್ಲಗ್?”

“ನೀನೇ ಬಂದು ಕೀಳು.”

ಅವಳ ಕಾಯಿಲೆ ಕಳೆಯಲೆಂದು ಹರಕೆ ಹೊರು ಎನ್ನುವವರು ಬಹಳ. ನಾನು ಹೊರಲಿಲ್ಲ. ಅವಳು ಗಣಪನ ಮುಂದೆ ನಿಂತು ನಗಲಿ ಎಂದಷ್ಟೇ ಬೇಡಿದ್ದೆ. ನಕ್ಕಳು.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಅವಳು ಅಪ್ಪನಿಗೆ ಎಲ್ಲವನ್ನೂ ಮೊದಲಿಂದ ಹೇಳತೊಡಗಿದಳು. ನಾನು ಮಹಡಿ ಹತ್ತಿ ಒಣಗಿದ ಬಟ್ಟೆ ತೆಗೆದೆ.