ಬೋರ್‌ವೆಲ್ ಬತ್ತದ ಮನೆ

ನಾನು ಅಂಗನವಾಡಿಗೆ ಹೋಗುವ ಕಾಲದಿಂದ ನಾವು ಲಗ್ಗೆರೆಯ ಅದೇ ಮನೆಯಲ್ಲಿದ್ದೆವು. ಬಾಡಿಗೆಯದ್ದು. ಆದರೆ ಅವ್ವ ಅದನ್ನು ಎಂದೂ ಬಾಡಿಗೆ ಮನೆ ಅಂದವಳಲ್ಲ. ಅಲ್ಲೇ ಓದಿ ನಾನು ನಮ್ಮ ವಂಶದ ಮೊದಲ ಪದವೀಧರೆಯಾದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಾಯಚೂರು ಕಡೆಯಿಂದ ಬಂದ ಅವ್ವ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿದು ನನ್ನನ್ನು ಓದಿಸಿದಳು. ಫ್ಯಾಕ್ಟರಿ ಹತ್ತಿರವೇ, ನಿಧಾನಕ್ಕೆ ನಡೆದೇ ಹೋಗುತ್ತಿದ್ದಳು. ಮಂಡಿ ನೋವು ಬಂದ ಮೇಲೆ ತುಂಬಿದ ಬಸ್ಸಿನಲ್ಲಿ ನಿಲ್ಲುವುದು ಅವಳಿಂದ ಆಗದು. ಆ ಮನೆ ಹೋದರೆ ಅವಳ ಕೆಲಸವೂ ಹೋದಂತೆಯೇ.

ಮಕ್ಕಳು ಪಾಲು ಕೇಳಿದಾಗ ಓನರ್ ತಾತ ಮನೆ ಮಾರಲು ಹೊರಟರು. ಮೊದಲು ನಮ್ಮನ್ನೇ ಕೇಳಿದರು.

"ಮಗಳು ಡಿಗ್ರಿ ಮಾಡೈತೆ, ಲೋನ್ ಕೊಡ್ತಾರೆ. ನೀವೇ ತಗಂಬಿಡ್ರಮ್ಮ."

ಬ್ಯಾಂಕಿಗೆ ಹೋದೆ. ಖಾತೆ ಸರಿಯಿಲ್ಲದ ಜಾಗಕ್ಕೆ ಸಾಲವಿಲ್ಲ ಅಂದರು. ಸರಿಯಿದ್ದರೂ ನನ್ನ ಸಂಬಳಕ್ಕೆ ಆ ಮನೆಯ ಬಚ್ಚಲಷ್ಟೇ ಬರುತ್ತಿತ್ತು.

ಮೊದಲೆಲ್ಲ ನಮ್ಮ ರಸ್ತೆಯಲ್ಲಿ ಮನೆ ಕೊಳ್ಳುವವರು ಹೆಂಡತಿ ಮಕ್ಕಳನ್ನು ಕರೆತಂದು, ದೇವರ ಮೂಲೆ ಯಾವುದು, ಒಲೆ ಯಾವ ದಿಕ್ಕಿಗೆ ಎಂದು ವಿಚಾರಿಸುತ್ತಿದ್ದರು. ಈಗ ಬರುವವರು ರಸ್ತೆಯ ಅಗಲ ನೋಡುತ್ತಾರೆ. ಅವರು ವಾಸಕ್ಕೆ ಕೊಳ್ಳುವವರಲ್ಲ, ಕೆಡವಿ ಪಿಜಿ ಎಬ್ಬಿಸುವವರು. ನಮ್ಮ ಸಾಲಿನಲ್ಲಿ ಆಗಲೇ ಕೆಲವು ಎದ್ದು ನಿಂತು ನಮ್ಮ ಬಿಸಿಲನ್ನು ತಿಂದಿದ್ದವು.

ಅವ್ವನಿಗೆ ಹೇಳಿಕೊಟ್ಟೆ. "ಯಾರೇ ಬರ್ಲಿ, ಮನೆ ಸೋರುತ್ತೆ ಅನ್ನು, ನೀರಿಲ್ಲ ಅನ್ನು. ಒಂದಷ್ಟು ತಿಂಗಳು ತಳ್ಳಿದ್ರೆ ಹತ್ರದಲ್ಲೇ ಬೇರೆ ಹುಡುಕ್ತೀನಿ."

"ಹುಚ್ಚಿ, ದೀಪ ಹಚ್ಚೋ ಮನಿಗೆ ಹಂಗ ಅನಬಾರ್ದು. ಅಸ್ತು ಅನ್ನೋ ದೇವ್ರು ಮ್ಯಾಲೆ ಅಡ್ಡಾಡ್ತಿರ್ತಾವ, ಅಂದದ್ದು ಖರೇ ಆಗ್ತೈತಿ. ನೀರು ಹೋತಂದ್ರ?"

"ಹೋದ್ರೆ ಓನರ್‌ದು ಹೋಗುತ್ತೆ, ನಮ್ದೇನು?"

"ಕುಡಿಯೋರು ಯಾರು? ಡಿಗ್ರಿ ಮಾಡಿದಾಕಿಗೆ ಇಷ್ಟೂ ತಿಳಿಯಂಗಿಲ್ಲೇನು?"

ಒಂದು ಸಂಜೆ ತಾತನ ಜೊತೆ ಬಿಳಿ ಅಂಗಿಯವನೊಬ್ಬ ಬಂದ. ಅವ್ವ ಆಗಷ್ಟೇ ದೀಪ ಹಚ್ಚಿದ್ದಳು. ಬಂದವರು ಯಾರಾದರೇನು, ಚಹಾ ಕೊಟ್ಟಳು. ಅವನು ಗೋಡೆ ನೋಡಲಿಲ್ಲ, ನೆಲ ನೋಡಲಿಲ್ಲ.

"ಅಕ್ಕ, ಬೋರ್‌ವೆಲ್ ಹೆಂಗೆ?"

"ಬೇಸಿಗೇಲಿ ಬರೀ ಗಾಳಿ ಸಾರ್," ಎಂದೆ, ಅವ್ವ ಬಾಯಿ ತೆರೆಯುವ ಮುಂಚೆಯೇ.

ಅವ್ವ ದೀಪದ ಕಡೆ ನೋಡಿದಳು.

"ಆಕಿ ಮಾತು ಬಿಡ್ರಿ ಅಣ್ಣಾರ. ಇಡೀ ಓಣಿಗೆ ಟ್ಯಾಂಕರ್ ಬಂದಾಗೂ ನಮ್ಮನ್ಯಾಗ ನೀರು ಕಡಿಮಿ ಆಗಿಲ್ಲ. ಗಂಗಮ್ಮ ತಾಯಿ ಬಂದು ಕುಂತಾಳ ಇಲ್ಲಿ."

ಅವನು ಲೋಟ ಕೆಳಗಿಟ್ಟು ತಾತನ ಕಡೆ ತಿರುಗಿದ.

"ಆಯ್ತು ಯಜಮಾನ್ರೇ, ನಾಳೇನೇ ಅಗ್ರಿಮೆಂಟ್ ಮಾಡ್ಕೊಳಣ. ಮನೆ ಹೆಂಗೂ ಒಡೀತೀವಿ. ಅಷ್ಟೂ ರೂಮಿಗೆ ನೀರು ಸಿಕ್ರೆ ಸಾಕಿತ್ತು ನಂಗೆ."

ತಾತ ನಮ್ಮ ಮುಖ ನೋಡಲಿಲ್ಲ. ಅವ್ವ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಮ್ಮ ಕೈಗೆಟುಕುವ ಬಾಡಿಗೆಗೆ ಮನೆ ಸಿಕ್ಕಿದ್ದು ಊರಾಚೆಯ ಮಾದನಾಯಕನಹಳ್ಳಿಯಲ್ಲಿ. ಅಲ್ಲಿಂದ ಪೀಣ್ಯಕ್ಕೆ ಬಸ್ಸೇ ಗತಿ. ಅವ್ವ ಕೆಲಸ ಬಿಟ್ಟಳು. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿರುತ್ತಾಳೆ. ಮೊನ್ನೆ ಇಲ್ಲಿಯ ಓನರೂ ಯಾರನ್ನೋ ಮನೆ ತೋರಿಸಲು ಕರೆತಂದ. ಬಂದವರು ನೀರು ಹೇಗಿದೆ ಎಂದು ಕೇಳಿದರು. ಅವ್ವ ಚಹಾಕ್ಕೆ ಇಡಲಿಲ್ಲ, ಕೂತ ಜಾಗದಿಂದ ಏಳಲೂ ಇಲ್ಲ.

"ನಮಗೇನೂ ಗೊತ್ತಿಲ್ರಿ," ಎಂದಳು. "ನಾವು ಬಾಡಿಗಿಯವ್ರು."