ಕ್ಯಾಮೆರಾ ಬಂದ ಪೆಟ್ಟಿಗೆ

ನಾನು ಮದುವೆಯಾಗಿ ಮುಳಬಾಗಿಲಿಗೆ ಬಂದದ್ದು ೧೯೩೬ರಲ್ಲಿ. ಈ ಸಂಗತಿ ನಡೆದದ್ದು ಮರುವರ್ಷ, ಮಾವಿನಕಾಯಿ ಇನ್ನೂ ಉಪ್ಪಿನಕಾಯಿಗೆ ಆಗುವಷ್ಟಿದ್ದ ದಿನಗಳಲ್ಲಿ. ಆಗ ನನಗೆ ಹದಿನಾರು, ಈಗ ಎಪ್ಪತ್ತು ದಾಟಿದೆ. ನಿನ್ನೆ ಏನು ಸಾರು ಮಾಡಿದ್ದೆ ಎಂದು ಕೇಳಿದರೆ ತಡವರಿಸುತ್ತೇನೆ. ಆದರೆ ಆ ಒಂದೂವರೆ ತಿಂಗಳು ಮಾತ್ರ ನನಗೆ ದಿನದಿನವೂ ನೆನಪಿದೆ.

ನಮ್ಮ ಯಜಮಾನರು ಫೋಟೋ ತೆಗೆಯುವವರು. ಪೇಟೆ ಬೀದಿಯಲ್ಲಿದ್ದ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೊ. ಅಲ್ಲಿ ಒಂದು ಕೊಳ, ನಾಲ್ಕು ಮೆಟ್ಟಿಲು, ಎರಡು ಹಂಸ ಬರೆದ ಪರದೆ ತೂಗುಹಾಕಿದ್ದರು. ಸುತ್ತಮುತ್ತಲ ಹಳ್ಳಿಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಬಂದು, ಜನ್ಮದಲ್ಲಿ ನೋಡಿರದ ಆ ಹಂಸಗಳ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕ್ಯಾಮೆರಾ ಜರ್ಮನಿಯದು. ಮದ್ರಾಸಿನ ಅಂಗಡಿಯಿಂದ ಹೊಸದಾಗಿಯೇ ತಂದದ್ದು. ಅದರ ಮುಂದೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಕಪ್ಪು ಚರ್ಮ ಇತ್ತು.

ಕ್ಯಾಮೆರಾಕ್ಕಿಂತ ಅದು ಬಂದ ಪೆಟ್ಟಿಗೆಯ ಮೇಲೆ ಅವರಿಗೆ ಪ್ರೀತಿ ಹೆಚ್ಚು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದು ನಯವಾದ ಮರದ ಪೆಟ್ಟಿಗೆ. ಒಳಗೆ ಹಸಿರು ಬನಾತು ಬಟ್ಟೆಯ ಮೆತ್ತನೆ ಹಾಸಿನಲ್ಲಿ ಕ್ಯಾಮೆರಾ ಕೂರುವ ಆಕಾರಕ್ಕೆ ಸರಿಯಾಗಿ ತಗ್ಗು ಮಾಡಿದ್ದರು. ತಳದಲ್ಲಿ ಒಂದು ತೆಳು ಹಲಗೆ, ಅದರ ಕೆಳಗೆ ಮೆತ್ತಗಿರಲೆಂದು ತುಂಬಿದ ಮರದ ಹೊಟ್ಟು. ಸುತ್ತಿದ್ದ ಕಾಗದ, ಕಟ್ಟಿದ್ದ ದಾರ, ಮುಳಬಾಗಿಲಿನಲ್ಲಿ ಯಾರಿಗೂ ಓದಲು ಬಾರದ ಜರ್ಮನ್ ಭಾಷೆಯ ಚೀಟಿ, ಎಲ್ಲವನ್ನೂ ಇಟ್ಟಿದ್ದರು. ಪ್ರತಿ ಸಲ ಫೋಟೋ ತೆಗೆದ ಮೇಲೂ ಕ್ಯಾಮೆರಾವನ್ನು ಅಂಗಡಿಯಿಂದ ಬಂದ ಹಾಗೆಯೇ ಒಳಗಿಟ್ಟು ದಾರ ಕಟ್ಟುತ್ತಿದ್ದರು.

ನಮ್ಮ ಅತ್ತೆಗೆ ಇದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಕ್ಯಾಮೆರಾಕ್ಕೆ ಒಂದು ಬಟ್ಟೆ ಚೀಲ ಹೊಲಿದರೆ ಸಾಕು, ಆ ಪೆಟ್ಟಿಗೆಯಲ್ಲಿ ಒಂದು ವರ್ಷದ ಸಂಡಿಗೆ ಹಪ್ಪಳ ಇಡಬಹುದು ಎಂಬುದು ಅವರ ವಾದ. "ಏಮಿರಾ ಇದಿ, ಗಾಜು ಕಣ್ಣಿನ ಸಾಮಾನಿಗೆ ಬನಾತಿನ ಹಾಸಿಗೆ, ಹೆತ್ತ ತಾಯಿಗೆ ಈಚಲ ಚಾಪೆ" ಎಂದು ತೆಲುಗು ಕನ್ನಡ ಕಲಸಿ ಮಗನನ್ನು ಬೈಯುತ್ತಿದ್ದರು. ಮಗ ಸೋಲುತ್ತಿರಲಿಲ್ಲ. ಎಂದಾದರೂ ರಿಪೇರಿಗೆ ಮದ್ರಾಸಿಗೆ ಕಳಿಸಬೇಕಾಗಿ ಬಂದರೆ ಈ ಪೆಟ್ಟಿಗೆಯೊಂದೇ ಅದನ್ನು ಹುಷಾರಾಗಿ ತಲುಪಿಸೋದು, ಮಾಡಿದವರಿಗೆ ಗೊತ್ತಿರುತ್ತೆ ಅದು ಹೇಗೆ ಕೂರಬೇಕು ಅಂತ, ಎನ್ನುತ್ತಿದ್ದರು. ಆ ಪೆಟ್ಟಿಗೆಯನ್ನು ಅವರನ್ನು ಬಿಟ್ಟರೆ ಮುಟ್ಟುವ ಹಕ್ಕು ನನಗೊಬ್ಬಳಿಗೇ. ಹುಳ ಬೀಳದ ಹಾಗೆ ತಿಂಗಳಿಗೊಮ್ಮೆ ಅದನ್ನು ಬಿಸಿಲಿಗಿಡುವ ಕೆಲಸವನ್ನು ನನಗೆ ವಹಿಸಿದ್ದರು.

ಇಲ್ಲಿ ನನ್ನ ಗುಟ್ಟೊಂದನ್ನು ಹೇಳಬೇಕು. ನನ್ನ ತವರು ಬೈರಕೂರು. ನನ್ನ ಮದುವೆಗೆ ಎರಡು ವರ್ಷ ಮೊದಲೇ ಅಮ್ಮ ಜ್ವರದಲ್ಲಿ ತೀರಿಕೊಂಡಿದ್ದರು. ಸತ್ತವರ ಚಾಪೆ, ಬಟ್ಟೆ, ಬಾಚಣಿಗೆ ಮನೆಯಲ್ಲಿ ಉಳಿಯಬಾರದು ಎಂದು ದೊಡ್ಡವರು ಎಲ್ಲವನ್ನೂ ಒಟ್ಟುಮಾಡಿ ಊರ ಹೊರಗೆ ಹಾಕಿಸಿದರು. ಅಷ್ಟರಲ್ಲಿ ನಾನು ಬಾಚಣಿಗೆಯನ್ನು ಲಂಗದ ಮಡಿಲಿಗೆ ಸೇರಿಸಿಬಿಟ್ಟಿದ್ದೆ. ಮರದ ಬಾಚಣಿಗೆ ಅದು. ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಹೇನು ತೆಗೆಯುವ ಸಣ್ಣ ಹಲ್ಲು. ಆ ಸಣ್ಣ ಹಲ್ಲುಗಳಲ್ಲಿ ಅಮ್ಮನ ನಾಲ್ಕು ಕೂದಲು ಸಿಕ್ಕಿಕೊಂಡಿದ್ದವು. ಮೂರು ಕಪ್ಪು, ಒಂದು ಬಿಳಿ.

ಅಮ್ಮ ಎಂದೂ ಫೋಟೋ ತೆಗೆಸಿಕೊಂಡವರಲ್ಲ. ಊರಿನವರೆಲ್ಲರ ಮುಖ ಗೋಡೆಯ ಮೇಲಿರುವ ಮನೆಗೆ ಸೊಸೆಯಾಗಿ ಬಂದೆ, ನನ್ನ ತಾಯಿಯ ಮುಖ ಮಾತ್ರ ಎಲ್ಲೂ ಇರಲಿಲ್ಲ. ನನಗಿದ್ದದ್ದು ಆ ನಾಲ್ಕು ಕೂದಲು. ಸತ್ತವರ ಕೂದಲು ಮನೆಯಲ್ಲಿದೆ ಎಂದು ಅತ್ತೆಗೆ ತಿಳಿದರೆ ಅದು ಒಂದು ಗಳಿಗೆಯೂ ಉಳಿಯುತ್ತಿರಲಿಲ್ಲ. ನನ್ನದು ಎಂದು ಹೇಳಿಕೊಳ್ಳುವ ಒಂದು ಗೂಡೂ ಆ ಮನೆಯಲ್ಲಿ ನನಗಿರಲಿಲ್ಲ. ಟ್ರಂಕನ್ನು ಅತ್ತೆ ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದರು. ಯಾರೂ ಮುಟ್ಟದ ಜಾಗ ಎಂದರೆ ಆ ಪೆಟ್ಟಿಗೆಯೊಂದೇ. ಬಾಚಣಿಗೆಯನ್ನು ಅಮ್ಮನ ಸೀರೆಯ ಚೂರಿನಲ್ಲಿ ಸುತ್ತಿ, ತಳದ ಹಲಗೆಯ ಕೆಳಗೆ ಹೊಟ್ಟಿನಲ್ಲಿ ಹುದುಗಿಸಿಟ್ಟೆ. ಪೆಟ್ಟಿಗೆ ಬಿಸಿಲಿಗಿಡುವ ದಿನ ಅದನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಡುತ್ತಿದ್ದೆ. ಪೆಟ್ಟಿಗೆ ಇರಬೇಕೋ ಬೇಡವೋ ಎಂದು ತಾಯಿ ಮಗ ಜಗಳವಾಡುವಾಗ ನಾನು ಬಾಯಿ ಬಿಡುತ್ತಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಗಂಡನ ಪಕ್ಷ ವಹಿಸುತ್ತಿದ್ದೆ. ಪತಿಭಕ್ತಿ ಎಂದುಕೊಳ್ಳಬೇಡಿ, ಶುದ್ಧ ಸ್ವಾರ್ಥ.

ಆ ವರ್ಷ ನಂಗಲಿಯಲ್ಲಿ ಒಂದು ಮದುವೆ. ಗಂಡು ಹೆಣ್ಣನ್ನು ನಿಲ್ಲಿಸಿ ಫೋಟೋ ತೆಗೆಯುವ ಹೊತ್ತಿಗೆ ಬೀಗರ ಕಡೆಯವರು ಯಾರೋ ಹಿಂದೆ ಸರಿಯಲು ಹೋಗಿ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿಗೆ ಕಾಲು ತೊಡರಿಸಿದರಂತೆ. ಕ್ಯಾಮೆರಾ ಕೆಳಗೆ ಬಿತ್ತು. ಶಟರ್ ಕಚ್ಚಿಕೊಂಡಿತು, ಚರ್ಮ ಒಂದು ಕಡೆ ಹರಿಯಿತು. ಯಜಮಾನರು ಮನೆಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಳಗ್ಗೆಯ ಬಸ್ಸಿಗೇ ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ ಹೋಗಿ, ರೈಲ್ವೆ ಪಾರ್ಸಲಿನಲ್ಲಿ ಮದ್ರಾಸಿಗೆ ಕಳಿಸುವುದೆಂದು ತೀರ್ಮಾನವಾಯಿತು.

ನನ್ನ ದುರದೃಷ್ಟ ನೋಡಿ, ಅಂದು ನನಗೆ ತಿಂಗಳಿನ ಎರಡನೆಯ ದಿನ. ಆಗ ನಮ್ಮಲ್ಲಿ ಆ ಮೂರು ದಿನ ಹೆಂಗಸರು ಒಳಗೆ ಬರುವಂತಿರಲಿಲ್ಲ, ಏನನ್ನೂ ಮುಟ್ಟುವಂತಿರಲಿಲ್ಲ. ನಾನು ಹಿತ್ತಿಲ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆ. ಅಲ್ಲಿಂದ ನಡುಮನೆ ಕಾಣುತ್ತಿತ್ತು. ಅವರು ಪೆಟ್ಟಿಗೆ ತಂದು, ಕ್ಯಾಮೆರಾ ಕೂರಿಸಿ, ಮೇಲೆ ಕಾಗದ ಮುಚ್ಚುವುದನ್ನು ಕೈಕಟ್ಟಿ ನೋಡಿದೆ. ಅತ್ತೆ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದರು. ಕೊನೆಗೆ ತಡೆಯಲಾರದೆ, "ಆ ಪೆಟ್ಟಿಗೆ ಯಾಕೆ, ಬೇರೆ ಯಾವುದರಲ್ಲಾದ್ರೂ ಕಳಿಸಬಾರದಾ? ದಾರೀಲಿ ಒಡೆದು ಹೋದ್ರೆ?" ಎಂದೆ.

ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ಯಜಮಾನರು ನಕ್ಕರು. "ಇಂಥ ದಿನಕ್ಕೇ ಅಲ್ವಾ ಇದನ್ನ ಇಷ್ಟು ವರ್ಷ ಕಾಪಾಡಿದ್ದು" ಎಂದು ಗಂಟು ಬಿಗಿದರು. ಅತ್ತೆ ಕೂಡ, ಹೋಗ್ಲಿ ಬಿಡು, ಕಡೆಗೂ ಕೆಲಸಕ್ಕೆ ಬಂತು, ಎಂದು ಒಪ್ಪಿಕೊಂಡರು. ಆ ಪೆಟ್ಟಿಗೆಯ ವಿಷಯದಲ್ಲಿ ತಾಯಿ ಮಗ ಒಂದಾದದ್ದು ಅದೇ ಮೊದಲು. ಬೆಳಗ್ಗೆ ಅವರು ಅದನ್ನು ಎದೆಗೆ ಅವಚಿಕೊಂಡು ಬಸ್ಸಿಗೆ ಹೊರಟರು.

ಆಮೇಲಿನ ಒಂದೂವರೆ ತಿಂಗಳು ನಾನು ಹೇಗಿದ್ದೆ ಎಂದು ಏನು ಹೇಳಲಿ. ಅಳಬೇಕೆಂದರೂ ಕಾರಣ ಹೇಳುವ ಹಾಗಿರಲಿಲ್ಲ. ಹಸಿ ಸೌದೆ ಹಾಕಿ ಒಲೆ ಮುಂದೆ ಕೂರುತ್ತಿದ್ದೆ, ಹೊಗೆಯಿಂದ ಕಣ್ಣು ಕೆಂಪಾಗಿದೆ ಎಂದರೆ ನಂಬುತ್ತಿದ್ದರು. ಮದ್ರಾಸಿನ ಅಂಗಡಿಯಲ್ಲಿ ಯಾರೋ ಪೆಟ್ಟಿಗೆ ಕೊಡವುತ್ತಾರೆ, ಕೊಳಕು ಬಾಚಣಿಗೆ ಎಂದು ಮೂಗು ಮುರಿದು ಕಸಕ್ಕೆ ಎಸೆಯುತ್ತಾರೆ, ಅಷ್ಟೇ. ಅಥವಾ ಇನ್ನೂ ಒಳ್ಳೆಯವರಾದರೆ ತೊಳೆದು ಕೊಡುತ್ತಾರೆ. ಅದೂ ಎಸೆದ ಹಾಗೆಯೇ. ಗಂಡನಿಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಮದುವೆಯಾಗಿ ಒಂದು ವರ್ಷವಾಗಿತ್ತು, ಅಷ್ಟೇ. ಅವರ ಪ್ರಾಣದಂಥ ಪೆಟ್ಟಿಗೆಯಲ್ಲಿ ಇಂಥದನ್ನು ಬಚ್ಚಿಟ್ಟಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಮಾವು ಹಣ್ಣಾಗುವ ಹೊತ್ತಿಗೆ ಪಾರ್ಸಲ್ ಬಂದಿದೆ ಎಂದು ತಿಳಿದು ಅವರು ಹೋಗಿ ತಂದರು. ನಡುಮನೆಯಲ್ಲಿ ಬಿಚ್ಚಿದರು. ಕ್ಯಾಮೆರಾ ಹೊಸದರ ಹಾಗಿತ್ತು. ಜೊತೆಗೆ ರಿಪೇರಿ ಮಾಡಿದವರು ಇಂಗ್ಲಿಷಿನಲ್ಲಿ ಬರೆದ ಕಾಗದವೊಂದಿತ್ತು. ಅತ್ತೆ, ಏನು ಬರೆದಿದಾರೋ ಓದೋ, ಎಂದು ಮುಂದೆ ಕೂತರು. ಯಜಮಾನರು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಶಟರ್ ಬಿಚ್ಚಿ ಶುಚಿ ಮಾಡಿದೆ. ಚರ್ಮಕ್ಕೆ ಒಳಗಿನಿಂದ ತೇಪೆ ಹಾಕಿದೆ. ಪೆಟ್ಟಿಗೆಯ ತಳದ ಹೊಟ್ಟಿಗೆ ಹುಳ ಬಿದ್ದಿತ್ತು, ಅದನ್ನೆಲ್ಲ ತೆಗೆದು ಎಸೆದು ಹತ್ತಿ ತುಂಬಿದೆ.

ಯಜಮಾನರು ಮುಂದಿನ ಸಾಲಿಗೆ ಹೋದವರು ಅಲ್ಲೇ ನಿಂತರು. ಮನಸ್ಸಿನಲ್ಲೇ ಓದಿಕೊಂಡು, ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು. ಅಷ್ಟೇ ಅಮ್ಮ, ಎಂದು ಕಾಗದ ಮಡಚಿ ಜೇಬಿಗಿಟ್ಟು, ಪೆಟ್ಟಿಗೆಯನ್ನು ಸ್ಟುಡಿಯೊಗೆ ಒಯ್ದರು. ಹುಳ ಬಿದ್ದದ್ದು ನನ್ನ ತಪ್ಪೆಂದು ಕೋಪ ಬಂದಿರಬೇಕು ಎಂದುಕೊಂಡೆ. ಆ ಕೋಪದ ಪರಿವೆಯೂ ನನಗಿರಲಿಲ್ಲ. ಅಮ್ಮ ಹೋಗಿಬಿಟ್ಟರು ಎನ್ನುವುದೊಂದೇ ತಲೆಯಲ್ಲಿತ್ತು.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಗಾಣದ ಎಣ್ಣೆ ತರಲು ಹೋದಾಗ ಅವರು ನನ್ನನ್ನು ಸ್ಟುಡಿಯೊಗೆ ಕರೆದರು. ಹಂಸದ ಪರದೆಯ ಮುಂದೆ ಗಿರಾಕಿಗಳು ಕೂರುವ ಕುರ್ಚಿಯ ಮೇಲೆ ಕೂರಿಸಿ, ಕಾಗದ ತೆಗೆದು, ಹಿಂದಿನ ದಿನ ಓದದೆ ಬಿಟ್ಟಿದ್ದನ್ನು ನಿಧಾನವಾಗಿ ಓದಿದರು. ಆಮೇಲೆ ಎಷ್ಟೋ ಸಲ ಓದಿಸಿ ಕೇಳಿದ್ದರಿಂದ ಅದು ನನಗೆ ಬಾಯಿಪಾಠವಾಗಿದೆ.

"ಪೆಟ್ಟಿಗೆಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಬಾಚಣಿಗೆ ಸಿಕ್ಕಿತು. ಮರೆತು ಬಿಟ್ಟದ್ದಲ್ಲ, ಇಟ್ಟದ್ದು ಎಂದು ಕಾಣುತ್ತದೆ. ನನ್ನ ಕೈಗೆ ಬಂದ ಸಾಮಾನನ್ನೆಲ್ಲ ಶುಚಿ ಮಾಡಿ ಕಳಿಸುವುದು ನನ್ನ ಪದ್ಧತಿ. ಇದೊಂದನ್ನು ಶುಚಿ ಮಾಡಿಲ್ಲ. ಅದರಲ್ಲಿ ನಾಲ್ಕು ಕೂದಲಿವೆ, ಒಂದು ಬಿಳಿ. ನಾಲ್ಕೂ ಇವೆಯೇ ನೋಡಿಕೊಳ್ಳಿ."

ತಳದ ಹಲಗೆ ಎತ್ತಿ ತೋರಿಸಿದರು. ಹೊಸ ಹತ್ತಿಯ ನಡುವೆ, ಕ್ಯಾಮೆರಾ ಗಾಜಿಗೆ ಸುತ್ತುವ ಮೆತ್ತನೆ ಕಾಗದದಲ್ಲಿ, ಅಮ್ಮನ ಸೀರೆಯ ಚೂರಿನ ಸಮೇತ ಬಾಚಣಿಗೆ ಇತ್ತು. ಬೆಳಕಿಗೆ ಹಿಡಿದು ಎಣಿಸಿದೆ. ನಾಲ್ಕೂ ಇದ್ದವು. ಎರಡು ಸಲ ಲೆಕ್ಕ ತಪ್ಪಿತು.

"ಯಾರದು?" ಎಂದು ಕೇಳಿದರು.

"ನಮ್ಮಮ್ಮಂದು."

"ಅವತ್ತು ಬೇರೆ ಪೆಟ್ಟಿಗೇಲಿ ಕಳಿಸಿ ಅಂದಿದ್ದು ಇದಕ್ಕಾ? ಒಂದು ಮಾತು ಹೇಳಬಾರದಾಗಿತ್ತಾ ರತ್ನಾ" ಎಂದರು. ಅತ್ತಮ್ಮ ಪಕ್ಕದಲ್ಲೇ ಇದ್ದರಲ್ಲ, ಎಂದೆ. ಆಮೇಲೆ ಒಂದೂವರೆ ತಿಂಗಳ ಅಳುವನ್ನೆಲ್ಲ ಒಲೆಯ ನೆಪವಿಲ್ಲದೆ ಅಲ್ಲೇ ಅತ್ತುಬಿಟ್ಟೆ. ಅವರು ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು, ಖಾಲಿ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟರು. "ಇನ್ನು ಮೇಲೆ ಇದು ನಿಂದು. ಇದನ್ನ ಎಲ್ಲಿಗೂ ಕಳಿಸೋದಿಲ್ಲ" ಎಂದರು.

ಅಂದಿನಿಂದ ಕ್ಯಾಮೆರಾ ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ಒಂದು ದಪ್ಪ ಬಟ್ಟೆಯ ಚೀಲದಲ್ಲಿ ಬದುಕಿತು. ಅತ್ತೆಗೆ ಇದು ಅರ್ಥವೇ ಆಗಲಿಲ್ಲ. ನಾನು ಕೇಳಿದಾಗ ಕೊಡದೆ ಹೆಂಡತಿಗೆ ಕೊಟ್ಟೆಯಲ್ಲ, ಎಂದು ಸಾಯುವ ತನಕ ಸಂಡಿಗೆ ಹಾಕುವಾಗಲೆಲ್ಲ ನೆನೆಸಿಕೊಳ್ಳುತ್ತಿದ್ದರು. ಅವರನ್ನು ದೂರುವುದಿಲ್ಲ, ಅವರು ಕೇಳಿದ್ದು ಒಂದು ಪೆಟ್ಟಿಗೆಯನ್ನಷ್ಟೇ.

ಆ ಮದ್ರಾಸಿನವರಿಗೆ ವಂದನೆ ಹೇಳಿ ಕಾಗದ ಬರೆಸಿದೆ. ಬೈರಕೂರಿನ ನಮ್ಮ ತೋಟದ ಹನ್ನೆರಡು ಮಾವಿನ ಹಣ್ಣನ್ನು ಬಿದಿರು ಬುಟ್ಟಿಯಲ್ಲಿ ಹುಲ್ಲು ಹಾಸಿ ಕಳಿಸಿದೆವು. ಅವರಿಂದ ಒಂದು ಕಾರ್ಡು ಬಂತು. ಹಣ್ಣು ಬಹಳ ಸಿಹಿಯಾಗಿತ್ತಂತೆ. ಎರಡು ಜಜ್ಜಿಹೋಗಿದ್ದವಂತೆ, ಮುಂದೆ ಒಳ್ಳೆಯ ಪೆಟ್ಟಿಗೆಯಲ್ಲಿ ಕಳಿಸಬೇಕಂತೆ. ನಮ್ಮ ಯಜಮಾನರಿಗೆ ತಕ್ಕ ಜೋಡಿ ಎಂದು ನಕ್ಕೆ. ಆ ಮದ್ರಾಸಿನವರ ಮುಖವನ್ನು ನಾನು ನೋಡಲೇ ಇಲ್ಲ.

ಯುದ್ಧ ಬಂತು. ಕ್ಯಾಮೆರಾದೊಳಗೆ ಹಾಕುವ ಗಾಜಿನ ಪ್ಲೇಟು ಸಿಗದಾಯಿತು, ಕಾಗದ ಸಿಗದಾಯಿತು. ೧೯೪೪ರಲ್ಲಿ ಸ್ಟುಡಿಯೊ ಮುಚ್ಚಿ ಕ್ಯಾಮೆರಾ ಮಾರುವುದೆಂದಾಯಿತು. ಕೋಲಾರದಿಂದ ಒಬ್ಬರು ಕೊಳ್ಳಲು ಬಂದರು. ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿ, ಇದರ ಪೆಟ್ಟಿಗೆ ಎಲ್ಲಿ, ಅದಿದ್ದರೆ ಕೇಳಿದ ಬೆಲೆ ಕೊಡ್ತೀನಿ, ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಪೆಟ್ಟಿಗೆ ಒಳಗೆ ಗೂಡಿನಲ್ಲಿತ್ತು. ಆಗ ನಮಗೆ ಕೈ ಬಹಳ ಬಿಗಿ. ಬಾಚಣಿಗೆ ಬೇರೆ ಕಡೆ ಇಟ್ಟುಕೊಂಡರಾಯಿತು ಎಂದು ಪೆಟ್ಟಿಗೆ ತರಲು ನಾನೇ ಒಳಗೆ ತಿರುಗಿದೆ.

"ಪೆಟ್ಟಿಗೆ ಇಲ್ಲ ಸ್ವಾಮಿ, ಗೆದ್ದಲು ತಿಂದು ಹೋಯ್ತು" ಎಂದು ಯಜಮಾನರು ಹೇಳುವುದು ಕೇಳಿಸಿತು.

ಬಂದವರಿಗೆ ಸಿಟ್ಟೇ ಬಂತು. ಇಂಥ ಸಾಮಾನು ಇಟ್ಟುಕೊಂಡು ಒಂದು ಪೆಟ್ಟಿಗೆ ಕಾಪಾಡೋಕೆ ಆಗಲಿಲ್ಲವಾ, ಅದರ ಬೆಲೆ ಗೊತ್ತಾ ನಿಮಗೆ, ಎಂದು ದೊಡ್ಡ ಪಾಠವನ್ನೇ ಹೇಳಿದರು. ಆ ಪಾಠವನ್ನು ಇಡೀ ಮುಳಬಾಗಿಲಿಗೆ ಹೇಳಿಕೊಟ್ಟವರು ತಲೆ ತಗ್ಗಿಸಿ, ಹೌದು ಸ್ವಾಮಿ, ತಪ್ಪಾಯ್ತು, ಎಂದು ಪೂರ್ತಿ ಕೇಳಿಸಿಕೊಂಡು, ಕಡಿಮೆ ಬೆಲೆಗೇ ಕೊಟ್ಟು ಕಳಿಸಿದರು. ಆ ವಿಷಯ ನನ್ನ ಹತ್ತಿರ ಎತ್ತಲೂ ಇಲ್ಲ.

ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಬೆಲೆಬಾಳುವ ಸಾಮಾನಿನ ಪೆಟ್ಟಿಗೆಯನ್ನು ಇಟ್ಟುಕೊಳ್ಳಬೇಕೋ ಎಸೆಯಬೇಕೋ ಎಂದು ಈಗಿನ ಮಕ್ಕಳು ಕೇಳಿದರೆ ನಾನೇನು ಹೇಳಲಿ. ನನ್ನ ಮಟ್ಟಿಗೆ, ಕಂಡಿಲ್ಲದ ಒಬ್ಬರು ಮತ್ತು ಕಟ್ಟಿಕೊಂಡ ಒಬ್ಬರು ನನ್ನ ತಾಯಿಯನ್ನು ಆ ಪೆಟ್ಟಿಗೆಯಲ್ಲಿ ಕಾಪಾಡಿಕೊಟ್ಟರು. ಅವರಿಬ್ಬರನ್ನೂ ನೆನೆಯದೆ ನಾನು ಒಂದು ದಿನವೂ ತಲೆ ಬಾಚಿಕೊಂಡಿಲ್ಲ. ಮೊನ್ನೆ ಹಬ್ಬಕ್ಕೆ ಮನೆ ಗುಡಿಸುವಾಗ ಮೊಮ್ಮಗಳು ಒದ್ದೆ ಬಟ್ಟೆ ಹಿಡಿದು, ಅಜ್ಜಿ, ಈ ಪೆಟ್ಟಿಗೆ ಒರೆಸಲಾ, ಎಂದಳು.

ಹೊರಗಡೆ ಮಾತ್ರ ಒರೆಸಮ್ಮ, ಎಂದೆ.